ಕುಂಚಗಿಯೊಳಗಿನ ಜಾವಳ

ಇಬ್ಬರು ಮಕ್ಕಳನ್ನು ಒಂದು ದಿನ ನೋಡಿಕೊಳ್ಳುವುದು ದೊಡ್ಡ ಕೆಲಸವೇನಲ್ಲ ಎಂಬ ಮಾತನ್ನು ಬಸವಂತ ಬುಧವಾರ ರಾತ್ರಿ ಊಟಕ್ಕೆ ಕುಳಿತಾಗ ಆಡಿದ. ರೊಟ್ಟಿ ಬಡಿಯುತ್ತಿದ್ದ ಸೀಮಾ ಕೈ ನಿಲ್ಲಿಸಿ ಗಂಡನ ಮುಖ ನೋಡಿದಳು. ಆ ನೋಟದ ಅರ್ಥ ತಿಳಿಯಲು ಅವನಿಗೆ ಗುರುವಾರ ಮಧ್ಯಾಹ್ನದವರೆಗೆ ಕಾಯಬೇಕಾಯಿತು.

"ಅಂಗಡ್ಯಾಗ ದಿನಾ ಎಷ್ಟ ಗಿರಾಕಿ ಸಂಭಾಳಸ್ತೀನಿ. ಈ ಎರಡ ಪಿಳ್ಳಿ ನನಗ ಭಾರ ಅಕ್ಕಾವೇನ? ನೀ ಆರಾಮ ಅಥಣಿಗಿ ಹೋಗಿ ಬಾ," ಎಂದ ಬಸವಂತ. ಹಾರೂಗೇರಿಯಲ್ಲಿ ಪೈಪು, ಮೋಟಾರು ಮಾರುವ ಅಂಗಡಿಯೊಂದರಲ್ಲಿ ಅವನು ಕೆಲಸಕ್ಕಿದ್ದ. ಸಿಟ್ಟಿಗೆದ್ದ ರೈತರನ್ನು ತಣ್ಣಗೆ ಮಾಡುವುದರಲ್ಲಿ ಹೆಸರು ಮಾಡಿದ್ದ. ಆದರೆ ಸಿಟ್ಟಿಗೆದ್ದ ರೈತ ಕತ್ತರಿ ಹುಡುಕಿಕೊಂಡು ಅಡುಗೆಮನೆಗೆ ಹೋಗುವುದಿಲ್ಲ. ಈ ಸಣ್ಣ ವ್ಯತ್ಯಾಸ ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ.

ಶುಕ್ರವಾರ ಮಗ ಅಮಿತನ ಜಾವಳ, ಮೊದಲ ಮುಡಿ ತೆಗೆಯುವ ಶಾಸ್ತ್ರ. ಹುಟ್ಟುಗೂದಲನ್ನು ಕೊಕಟನೂರ ಎಲ್ಲವ್ವನಿಗೆ ಬೇಡಿಕೊಂಡು ಇಲ್ಲಿಯವರೆಗೆ ಬೆಳೆಸಿದ್ದರು. ಕೂಸಿಗೆ ಮೂರನೆಯ ವರ್ಷ ನಡೆಯುತ್ತಿತ್ತು, ಗುಂಗುರು ಕೂದಲು ಭುಜಕ್ಕೆ ಇಳಿದಿತ್ತು. ಜಾವಳದ ಉಡುಗೊರೆ ಎಂದು ತನ್ನ ಅಣ್ಣನಿಗೆ ಧೋತರ, ಪಟಕಾ ತರಲು ಸೀಮಾ ಗುರುವಾರ ಬೆಳಿಗ್ಗೆ ಅಥಣಿ ಬಸ್ಸು ಹತ್ತಿದಳು. ಹತ್ತುವ ಮೊದಲು ಗಂಡನಿಗೆ ಹೇಳಿದಳು:

"ಉಣಸಲಿಲ್ಲಂದ್ರ ನಡೀತೈತಿ. ಜಳಕಾ ಬಿಟ್ರೂ ನಡೀತೈತಿ. ಕೂಸಿನ ಕೂದಲಕ್ಕ ಮಾತ್ರ ಹಣಗಿ ಸೈತ ಮುಟ್ಟಸಬ್ಯಾಡ್ರಿ."

ಆ ಕೂದಲಿಗೆ ಅಷ್ಟು ಬೆಲೆ ಬಂದದ್ದಕ್ಕೆ ಕಾರಣವಿತ್ತು. ಜಾವಳದಲ್ಲಿ ಕೂಸು ಸೋದರಮಾವನ ತೊಡೆಯ ಮೇಲೆ ಕೂರಬೇಕು, ಮೊದಲ ಕೂದಲಿಗೆ ಅವನೇ ಕತ್ತರಿ ಇಡಬೇಕು. ಹಿರಿಯ ಮಗಳು ಪ್ರಾಜಕ್ತಾಳ ಜಾವಳದ ದಿನ ಕೃಷ್ಣೆ ತುಂಬಿ ತಾಯಿಯ ತವರೂರು ಜುಗೂಳದ ದಾರಿ ನೀರಲ್ಲಿ ಮುಳುಗಿತ್ತು. ಸೀಮಾಳ ಅಣ್ಣ ವಿರುಪಾಕ್ಷಪ್ಪ ಸುತ್ತುದಾರಿ ಹಿಡಿದು ಬರುತ್ತಿದ್ದ. ಕಾಯುತ್ತ ಕಾಯುತ್ತ ಬಸವಂತನಿಗೆ ಮುಹೂರ್ತದ ಚಿಂತೆ ಹತ್ತಿತು. "ಎಷ್ಟಂತ ಕಾಯೂದು? ಮಾಡಿ ಮುಗಸ," ಎಂದು ಕ್ಷೌರಿಕನಿಗೆ ಹೇಳಿಬಿಟ್ಟ. ವಿರುಪಾಕ್ಷಪ್ಪ ಹೊಸ ಅಂಗಿ, ತೆಂಗಿನಕಾಯಿ ಹಿಡಿದು ಬಾಗಿಲಿಗೆ ಬಂದಾಗ ಸೊಸೆಯ ತಲೆ ತಾಮ್ರದ ತಂಬಿಗೆಯಂತೆ ಹೊಳೆಯುತ್ತಿತ್ತು. ಅವನು ನೀರು ಕೂಡ ಕುಡಿಯದೆ ಟೆಂಪೋ ತಿರುಗಿಸಿದ.

ಅಂದಿನಿಂದ ನಾಗರಪಂಚಮಿಗೆ ತಂಗಿಯನ್ನು ಕರೆಯಲು ಅವನು ಬರಲಿಲ್ಲ. ಪ್ರತಿ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ಚೀಲ ಹಿಡಿದು ತವರಿಗೆ ಹೊರಟರೆ ಸೀಮಾ ಒಬ್ಬಳೇ ಮನೆಯಲ್ಲಿ ಉಂಡಿ ಕಟ್ಟುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೇಳಿದರೆ ಬೆಲ್ಲದ ಪಾಕದ ಹಬೆ ಎನ್ನುತ್ತಿದ್ದಳು. ಈ ವರ್ಷ ಹಿರಿಯರು ನಡುವೆ ಬಿದ್ದು ವಿರುಪಾಕ್ಷಪ್ಪನನ್ನು ಒಪ್ಪಿಸಿದ್ದರು. ಅವನು ಹೇಳಿ ಕಳಿಸಿದ ಮಾತು ಇಷ್ಟೇ:

"ಬರ್ತೀನಿ. ಈ ಸಲಾನೂ ನನ್ನ ತೊಡಿ ಖಾಲಿ ಉಳೀತಂದ್ರ, ಹಾರೂಗೇರಿ ಅನ್ನೂ ಊರ ನನ್ನ ನಕಾಶೆದಾಗ ಇಲ್ಲ."

ಅಂದರೆ ಅಮಿತನ ತಲೆಯ ಮೇಲೆ ಇದ್ದದ್ದು ಬರಿಯ ಕೂದಲಲ್ಲ, ಅವನ ತಾಯಿಯ ತವರಿನ ದಾರಿ.

ಮಕ್ಕಳಿರುವ ಮನೆಯಲ್ಲಿ ಸದ್ದಾದರೆ ಹೆದರಬೇಕಿಲ್ಲ. ಒಡೆದದ್ದೇನೆಂದು ಸದ್ದೇ ಹೇಳುತ್ತದೆ. ಸದ್ದು ಅಡಗಿದಾಗ ಮಾತ್ರ ಓಡಬೇಕು. ಈ ಸತ್ಯ ಸೀಮಾಳಿಗೆ ಗೊತ್ತಿತ್ತು. ಕಟ್ಟೆಯ ಮೇಲೆ ಕುಳಿತು ನಾಳೆಯ ಗಾಡಿ, ಅಡುಗೆಯವರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಬಸವಂತ, ಒಳಗಿನ ಮೌನ ಕೇಳಿಸಿಕೊಂಡು "ಮಕ್ಕಳು ಶಾಣ್ಯಾ ಆಗ್ಯಾವ" ಎಂದು ಸಂತೋಷಪಟ್ಟು ಇನ್ನೊಂದು ಫೋನು ಮಾಡಿದ. ಅದು ಮುಗಿದ ಮೇಲೆ ನೀರು ಕುಡಿಯಲು ಒಳಗೆ ಹೋದ. ಹಿತ್ತಲ ಬಾಗಿಲಲ್ಲಿ ಅವನ ಕಾಲು ನಿಂತವು.

ಮಣೆಯ ಮೇಲೆ ಪ್ರಾಜಕ್ತಾ ಕುಳಿತಿದ್ದಳು. ತಲೆಗೆ ಅವನದೇ ಟಾವೆಲ್ಲಿನ ಪಟಕಾ, ಮೂಗಿನ ಕೆಳಗೆ ಕಾಡಿಗೆಯ ಮೀಸೆ. ಅವಳ ತೊಡೆಯ ಮೇಲೆ ಅಮಿತ ಬಿಸ್ಕೀಟು ತಿನ್ನುತ್ತ ಕುಳಿತಿದ್ದ. ಎದುರಿಗೆ ಗೊಂಬೆಗಳು, ಒಂದು ಚಮಚ, ಒಂದು ಹಳೆಯ ಚಾರ್ಜರು ಬೀಗರಂತೆ ಸಾಲಾಗಿ ಕುಳಿತಿದ್ದವು. ಪಕ್ಕದ ತಾಟಿನಲ್ಲಿ ಅರಿಷಿಣ, ಕುಂಕುಮ, ಎಲೆ, ಅಡಿಕೆ, ಅದರ ನಡುವೆ ಗುಂಗುರು ಕೂದಲು.

"ಪಪ್ಪಾ, ಅಡ್ಡ ನಿಂದರಬ್ಯಾಡ. ಮುತ್ತೈದೇರು ಆರತಿ ಮಾಡಾಕ ಬರಾಕತ್ತಾರ," ಎಂದಳು ಪ್ರಾಜಕ್ತಾ.

ಬಸವಂತ ಕತ್ತರಿ ಕಸಿದುಕೊಂಡ. ಆದರೆ ಅಷ್ಟರಲ್ಲಿ ಅರ್ಧ ಕಾರ್ಯ ಆಗಿಹೋಗಿತ್ತು. ಬಲಗಡೆಯಿಂದ ನೋಡಿದರೆ ಅಮಿತ ಬಾಲಕೃಷ್ಣ. ಎಡಗಡೆಯಿಂದ ನೋಡಿದರೆ ಆಡು ಮೇಯ್ದ ಬೇಲಿ.

"ಯಾಕವಾ ಹಿಂಗ ಮಾಡಿದಿ?" ಎಂದ.

"ಚಲೋ ಆಗಿಲ್ಲೇನ? ಆ ಬಾಜೂನೂ ಮಾಡ್ತೀನಿ, ಕತ್ತರಿ ಕೊಡ."

ಮುಂದಿನ ಹೊತ್ತಿನಲ್ಲಿ ಬಸವಂತ ಮಾಡಿದ್ದನ್ನು ಬುದ್ಧಿವಂತಿಕೆ ಎನ್ನಲಾಗದು, ಆದರೆ ಶ್ರಮ ಎನ್ನಲೇಬೇಕು. ಟ್ರಂಕಿನಿಂದ ಅಮಿತನ ಬಾಣಂತನದ ಕಾಲದ ಕುಂಚಗಿ ತೆಗೆದ. ತಲೆ, ಕಿವಿ, ಬೆನ್ನು ಎಲ್ಲ ಮುಚ್ಚುವ ಬಟ್ಟೆಯ ಟೊಪ್ಪಿಗೆ ಅದು, ಕೂಸುಗಳಿಗೆ ಚಳಿಗಾಲದಲ್ಲಿ ಕಟ್ಟುವಂಥದು. ತಾಟಿನ ಗುಂಗುರು ಕೂದಲನ್ನು ಅಂಟುಪಟ್ಟಿಯಿಂದ ಅದರ ಎಡ ಅಂಚಿನ ಒಳಗೆ ಅಂಟಿಸಿ, ಅಷ್ಟಿಷ್ಟು ಹೊರಗೆ ಇಣುಕುವಂತೆ ಮಾಡಿ, ಅಮಿತನ ತಲೆಗೆ ಹಾಕಿ, ಗದ್ದದ ಕೆಳಗೆ ಗಂಟು ಹಾಕಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಎರಡೂ ಕಡೆ ಕೂದಲಿತ್ತು. ನಾಳೆ ಕುಂಚಗಿ ತೆಗೆಯುವಾಗ ಏನು ಎಂಬ ಪ್ರಶ್ನೆಯನ್ನು ಅವನ ಮನಸ್ಸು ನಾಳೆಗೇ ಬಿಟ್ಟಿತು.

"ಯಾರ ಮುಂದೂ ಹೇಳಬ್ಯಾಡವಾ. ಕುಲ್ಫಿ ಕೊಡಸ್ತೀನಿ," ಎಂದು ಮಗಳಿಗೆ ಹೇಳಿದ. ಮಾಡಿದ ಕೆಲಸವನ್ನು ಯಾಕೆ ಮುಚ್ಚಿಡಬೇಕೆಂದು ತಿಳಿಯದೆ ಅವಳು ಮುಖ ಊದಿಸಿದಳು. ಕುಲ್ಫಿಯನ್ನು ಮಾತ್ರ ನಿರಾಕರಿಸಲಿಲ್ಲ.

ಅದು ಏಪ್ರಿಲ್ ತಿಂಗಳ ಮಧ್ಯಾಹ್ನ. ತಗಡಿನ ಮೇಲೆ ಕಾಗೆ ಕೂಡ ಕಾಲಿಡುವ ಧೈರ್ಯ ಮಾಡುತ್ತಿರಲಿಲ್ಲ. ಕುಂಚಗಿಯೊಳಗೆ ಅಮಿತ ಬೇಯತೊಡಗಿದ. ಮುಖ ಕೆಂಪಾಯಿತು, ಕೂದಲಿನ ಚೂರು ಕುತ್ತಿಗೆಗೆ ಇಳಿದು ಮೈಯೆಲ್ಲ ಪರಚಿಕೊಳ್ಳತೊಡಗಿದ.

"ಕಲೀತೈತಿ ಪಪ್ಪಾ, ಕಲೀತೈತಿ," ಎಂದು ಅತ್ತ. ಕಡಿಯುತ್ತದೆ ಎಂಬುದು ಅವನ ಬಾಯಲ್ಲಿ ಇನ್ನೂ ಹಾಗೆಯೇ ಇತ್ತು.

ಆ ಅಳು ಕೇಳಿ ಬಂದವಳು ಪಕ್ಕದ ಮನೆಯ ಭೀಮಾಬಾಯಿ. ಓಣಿಯ ಯಾವ ಕೂಸಿಗೆ ಯಾವ ಹಲ್ಲು ಯಾವಾಗ ಬಂತೆಂದು ತಾಯಂದಿರು ಅವಳನ್ನೇ ಕೇಳುತ್ತಿದ್ದರು.

"ಇದೇನೋ ತಮ್ಮಾ, ಇಂಥಾ ಉರಿಬಿಸಲಾಗ ಕುಂಚಗಿ? ಬಿಚ್ಚ ಅದನ್ನ."

"ಬ್ಯಾಡ ಕಾಕು! ಗಾಳಿ ಬಡೀತೈತಿ."

"ಗಾಳಿ ಎಲ್ಲೈತೋ? ಗಿಡದ ಎಲಿ ಸೈತ ಅಳ್ಳಾಡವಲ್ದು." ಭೀಮಾಬಾಯಿ ಕೂಸಿನ ಕೆಂಪು ಮುಖ ನೋಡಿದಳು, ಪರಚಿದ ಕುತ್ತಿಗೆ ನೋಡಿದಳು, ಬಸವಂತನ ಬೆವರು ನೋಡಿದಳು. ಅವಳ ದನಿ ಇಳಿಯಿತು. "ಖರೇ ಹೇಳ ತಮ್ಮಾ. ಅಮ್ಮ ಬಂದಾಳಿಲ್ಲೋ?"

ಮೈಮೇಲೆ ಗುಳ್ಳೆ ಏಳುವ ಆ ಬೇನೆಯನ್ನು ಅವಳಂಥ ಹಿರಿಯರು ಬೇನೆ ಎನ್ನುವುದಿಲ್ಲ, ದೇವಿಯೇ ಮನೆಗೆ ಬಂದಳೆನ್ನುತ್ತಾರೆ. ದೇವಿ ಇರುವಷ್ಟು ದಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಬೀಗರು ಬರುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಕೊನೆಯ ನಿಯಮ ನೆನಪಾದೊಡನೆ ಬಸವಂತನ ತಲೆಯಲ್ಲಿ ದೀಪ ಹತ್ತಿತು. ಕತ್ತರಿ ಮುಟ್ಟದಿದ್ದರೆ ಜಾವಳ ಮುಂದೆ ಹೋಗುತ್ತದೆ. ಮುಂದೆ ಹೋದರೆ ಕೂದಲು ಬೆಳೆಯುತ್ತದೆ.

"ಹೂಂ," ಎಂದ.

ಜೀವಮಾನದಲ್ಲಿ ಅವನು ಹೇಳಿದ ಅತಿ ಚಿಕ್ಕ ಸುಳ್ಳು ಅದು. ಅಷ್ಟು ಚಿಕ್ಕದು ಅಷ್ಟು ದೂರ ನಡೆಯುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಭೀಮಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಾಗಿಲಿಗೆ ಬೇವಿನ ಟೊಂಗೆ ಏರಿತು. ಒಲೆ ಆರಿತು. ಚಪ್ಪಲಿಗಳೆಲ್ಲ ಬೀದಿಗೆ ಹೋದವು. ಕಟ್ಟೆಯ ಮೇಲೆ ನಿಂತು ಅವಳು ಓಣಿಗೆಲ್ಲ ಕೇಳುವಂತೆ, "ಯಾರೂ ಒಳಗ ಬರಬ್ಯಾಡ್ರಿ, ಬಸವಂತನ ಮನ್ಯಾಗ ತಾಯಿ ಕುಂತಾಳ!" ಎಂದು ಸಾರಿದಳು. ಎದುರು ಮನೆಯವರು ಹೊಸ್ತಿಲಲ್ಲಿ ನಿಂಬೆಹಣ್ಣು ಇಟ್ಟು ಕೈಮುಗಿದು ಓಡಿದರು.

"ಪಾಪ, ನೀ ಚಿಂತಿ ಮಾಡಬ್ಯಾಡ. ಸೀಮಾಗ ನಾನ ಫೋನ ಮಾಡೀನಿ. ಜುಗೂಳಕ್ಕೂ ಮಾಡೀನಿ," ಎಂದಳು ಭೀಮಾಬಾಯಿ.

ಅಷ್ಟರಲ್ಲಿ ಬಸವಂತನ ಫೋನು ರಿಂಗಣಿಸಿತು.

"ಭಾವಾರ, ಜಾವಳ ಮುಂದ ಹಾಕೀರಂತ," ಎಂದಿತು ವಿರುಪಾಕ್ಷಪ್ಪನ ದನಿ.

"ಅಣ್ಣಾರ, ಕೂಸಿಗಿ ಅಮ್ಮ..."

"ಆವತ್ತ ಹೊಳಿ ಬಂದಿತ್ತು, ನೀವು ಕಾಯಲಿಲ್ಲ. ಇವತ್ತ ನಾ ಅಂಗಿ ಇಸ್ತ್ರಿ ಮಾಡಸಿ ಕುಂತೀನಿ, ಅಮ್ಮ ಬಂದಾಳ. ನನ್ನ ತೊಡಿ ಅಂದ್ರ ನಿಮಗ ಅಷ್ಟ ಮುಳ್ಳ ಆಗೈತೇನ್ರಿ?"

"ಹಂಗಲ್ರಿ ಅಣ್ಣಾರ..."

"ಹೆಂಗ ಅನ್ನೂದ ಬಂದ ನೋಡ್ತೀನಿ. ಅಮ್ಮ ಖರೇ ಬಂದಿದ್ರ ಕಾಯಿ ಒಡದ, ತಪ್ಪಾತು ತಾಯಿ ಅಂತೀನಿ. ಕೂಸಿನ ಮೈಮ್ಯಾಲ ಒಂದ ಗುಳ್ಳಿ ಇರಲಿಲ್ಲಂದ್ರ, ನನಗ ತಂಗಿನ ಇಲ್ಲ."

ಫೋನು ಕಟ್ಟಾಯಿತು. ಹಿನ್ನೆಲೆಯಲ್ಲಿ ಟೆಂಪೋ ಚಾಲೂ ಆದ ಸದ್ದನ್ನು ಬಸವಂತ ಸ್ಪಷ್ಟವಾಗಿ ಕೇಳಿದ್ದ. ಅವನು ಅಮಿತನ ಅಂಗಿ ಎತ್ತಿ ನೋಡಿದ. ಹೊಟ್ಟೆ ಬೆಣ್ಣೆಯಂತೆ ನುಣ್ಣಗಿತ್ತು. ಆರೋಗ್ಯವಂತ ಮಗನನ್ನು ನೋಡಿ ಯಾವ ತಂದೆಯೂ ಅಷ್ಟು ಕಂಗಾಲಾಗಿರಲಿಕ್ಕಿಲ್ಲ.

"ಗುಳ್ಳಿ ಬೇಕೇನ ಪಪ್ಪಾ? ನನ್ನ ಕಡೆ ಕೆಂಪ ಸ್ಕೆಚ್ ಪೆನ್ ಐತಿ," ಎಂದಳು ಪ್ರಾಜಕ್ತಾ.

ಬಸವಂತ ಒಂದು ಗಳಿಗೆ ಯೋಚಿಸಿದ ಎಂಬುದನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಕೈ ಚಾಚಿಯೂ ಇದ್ದ. ಅಷ್ಟರಲ್ಲಿ ಬಾಗಿಲ ಬೇವಿನ ಟೊಂಗೆ ಸರಿಸಿಕೊಂಡು ಆಶಾ ಕಾರ್ಯಕರ್ತೆ ಸಪನಾ ಒಳಗೆ ಬಂದಳು. ಕೈಯಲ್ಲಿ ಟಾರ್ಚು, ಮುಖದಲ್ಲಿ ಇಡೀ ಆರೋಗ್ಯ ಇಲಾಖೆ.

"ಅಮ್ಮ ಗಿಮ್ಮ ಬಿಡ್ರಿ, ಇದು ದಡಾರ ಇರಬೇಕು. ಎರಡನೇ ಸೂಜಿ ಹಾಕಸ್ರಿ ಅಂತ ಎಷ್ಟ ಸಲ ಬಂದೀನಿ? ‘ಕೂಸ ಅಳೂದ ನೋಡಾಕ ಆಗೂದಿಲ್ಲ’ ಅಂತ ನನ್ನ ಓಡಿಸಿದವ್ರು ನೀವ ಅಲ್ಲೇನ್ರಿ?"

"ಹೌದ್ರಿ ಬಾಯಾರ, ಆದ್ರ..."

"ಡಾಕ್ಟರಿಗೆ ತಿಳಿಸೀನಿ. ಜೀಪ ಹೊಂಟೈತಿ. ಇಡೀ ಓಣಿ ಮಕ್ಕಳ್ನ ತಪಾಸಣಿ ಮಾಡ್ತಾರ, ಸೂಜಿ ಉಳದವ್ರಿಗೆ ಹಾಕ್ತಾರ. ಮೊದಲ ಆ ಕುಂಚಗಿ ತಗೀರಿ."

ಸೂಜಿ ಎಂಬ ಮಾತು ಗೋಡೆ ದಾಟಿತು. ಓಣಿಯ ಮಕ್ಕಳೆಲ್ಲ ಒಂದೇ ಸಲಕ್ಕೆ ಅಳತೊಡಗಿದರು. ಒಬ್ಬ ಹುಡುಗ ಜೋಳದ ಕಣಜದಲ್ಲಿ ಇಳಿದು ಕುಳಿತನೆಂದು ಸುದ್ದಿ ಬಂತು. ತಾಯಂದಿರು ಬಸವಂತನ ಮನೆಯ ಮುಂದೆ ಸೇರಿ, ದೇವಿಗೆ ಕೈಮುಗಿಯುತ್ತಲೇ ಬಸವಂತನಿಗೆ ಶಾಪ ಹಾಕಿದರು.

"ಕುಂಚಗಿ ತಗೀರಿ ಅಂದ್ನಿ," ಎಂದಳು ಸಪನಾ.

"ಹೊತ್ತ ಮುಳಗಲಿ ಬಾಯಾರ. ಒಂದೀಟ ತಂಪಾಗಲಿ." ಬಸವಂತ ಕೂಸನ್ನು ಎದೆಗೆ ಅವುಚಿಕೊಂಡು ಮೂಲೆ ಸೇರಿದ.

ಆಗ ಸೀಮಾ ಬಂದಳು. ಬಸ್ ಸ್ಟ್ಯಾಂಡಿನಿಂದ ಓಡುತ್ತಲೇ ಬಂದಿದ್ದಳು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಧೋತರ, ಪಟಕಾದ ಚೀಲ ಕೈಯಿಂದ ಜಾರಿ ಹೊಸ್ತಿಲಲ್ಲಿ ಬಿತ್ತು. ಗಂಡನ ಕಡೆ ನೋಡಲಿಲ್ಲ. ಕೂಸನ್ನು ಕಸಿದುಕೊಂಡು ಮುಖಕ್ಕೆ ಮುಖ ಹಚ್ಚಿ, "ನನ್ನ ತಪ್ಪ, ನಾ ಹೋಗಬಾರದಿತ್ತ, ನಾ ಹೋಗಬಾರದಿತ್ತ," ಎಂದು ಅಳತೊಡಗಿದಳು.

ಆ ಅಳು ಮಾತ್ರ ಬಸವಂತನಿಗೆ ತಡೆಯಲಾಗಲಿಲ್ಲ. "ಸೀಮಾ, ಕೂಸಿಗೇನೂ ಆಗಿಲ್ಲ. ಕೇಳಿಲ್ಲೆ..." ಎಂದು ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಟೆಂಪೋದ ಹಾರ್ನು ಕೇಳಿಸಿತು, ಜನ ದಾರಿ ಬಿಟ್ಟರು. ವಿರುಪಾಕ್ಷಪ್ಪ ಬಾಗಿಲು ತುಂಬ ನಿಂತ. ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದು ಕೈಯ ಅಂಗಿತೋಳು ಜಗಳಕ್ಕೆಂಬಂತೆ ಮೇಲೆ ಮಡಿಚಿತ್ತು.

"ಎಲ್ಲೈತಿ ಗುಳ್ಳಿ?"

ಸಪನಾ ಆಗಲೇ ಟಾರ್ಚಿನ ಬೆಳಕು ಬಿಟ್ಟು ಕೂಸಿನ ಹೊಟ್ಟೆ, ಬೆನ್ನು ನೋಡಿ ಮುಗಿಸಿದ್ದಳು. "ಮೈಮ್ಯಾಲ ಏನೂ ಇಲ್ರಿ. ಜ್ವರಾನೂ ಇಲ್ಲ. ತಲಿ ಒಂದ ನೋಡಬೇಕು," ಎಂದಳು.

"ಗಾಳಿ!" ಎಂದು ಬಸವಂತ ಕೂಗಿದ. ಆದರೆ ಸೀಮಾ ಗಂಟು ಬಿಚ್ಚಿ ಕುಂಚಗಿ ಎಳೆದೇಬಿಟ್ಟಳು. ಕುಂಚಗಿಯ ಜೊತೆಗೆ ಎಡಗಡೆಯ ಕೂದಲೂ ಬಂತು.

ಸೀಮಾ ಒಮ್ಮೆ ಕೈಯಲ್ಲಿದ್ದ ಗುಂಗುರನ್ನು, ಒಮ್ಮೆ ಮಗನ ಅರ್ಧ ಬೋಳು ತಲೆಯನ್ನು ನೋಡಿ ಕುಸಿದು ಕುಳಿತಳು. ಭೀಮಾಬಾಯಿ ಎರಡೂ ಕೈ ಎತ್ತಿ ಜೋಡಿಸಿದಳು.

"ಉಧೋ ಎಲ್ಲವ್ವಾ, ಉಧೋ! ಹರಕೆ ಕೂದಲಾ ತಾಯಿ ತಾನ ಬಂದ ತಗೊಂಡಾಳೋ! ಅರ್ಧಾ ತನಗ, ಅರ್ಧಾ ಮಾವಗ!"

ಹೊರಗಿನ ಜನ "ಉಧೋ" ಎಂದರು. ವಿರುಪಾಕ್ಷಪ್ಪನ ಮುಖದ ಗಂಟು ಸಡಿಲವಾಯಿತು. ತೆಂಗಿನಕಾಯಿ ಹಿಡಿದ ಕೈ ತಾನಾಗಿ ಎದೆಯ ಹತ್ತಿರ ಬಂತು. "ತಾಯಿ," ಎಂದ ಮೆಲ್ಲಗೆ, "ನಾ ಸುಮ್ಮನ ಭಾವಾರ ಮ್ಯಾಲ ಸಿಟ್ಟಾದ್ನಿ..."

ಬಸವಂತ ಬದುಕಿದ. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ, ಕೈಮುಗಿದು ಸುಮ್ಮನೆ ನಿಂತರೆ ಸಾಕಿತ್ತು. ದೇವಿ ತಾನಾಗಿ ಅವನ ಮರ್ಯಾದೆಗೆ ಜಾಮೀನು ನಿಂತಿದ್ದಳು. ಅವನು ಕೈ ಜೋಡಿಸಿದ.

"ಎಲ್ಲವ್ವ ಅಲ್ಲ! ನಾ ಮಾಡೀನಿ!"

ಪ್ರಾಜಕ್ತಾ ಜನರ ಕಾಲುಗಳ ನಡುವಿನಿಂದ ನುಗ್ಗಿ ಬಂದಳು. ತಾನು ಮಾಡಿದ ಕೆಲಸದ ಹೆಸರು ಇನ್ನೊಬ್ಬರಿಗೆ ಹೋಗುವುದನ್ನು ಅವಳು ಯಾವ ಕುಲ್ಫಿಗೂ ಸಹಿಸುವವಳಲ್ಲ. ಮೀಸೆ ಅರ್ಧ ಅಳಿಸಿತ್ತು, ಕೈಯಲ್ಲಿ ಅರಿಷಿಣ ಕುಂಕುಮದ ತಾಟಿತ್ತು. "ನೋಡ್ರಿ, ನೆಲಕ್ಕ ಒಂದ ಕೂದಲಾ ಬೀಳಿಸಿಲ್ಲ. ಕುಂಚಗಿಗೆ ಅಂಟಿಸಿದಾವ ಪಪ್ಪಾ."

ಎಲ್ಲರ ಕಣ್ಣು ಬಸವಂತನ ಕಡೆ ತಿರುಗಿದವು.

"ಅಮ್ಮ ಬಂದಿಲ್ರಿ ಅಣ್ಣಾರ. ಭೀಮಾ ಕಾಕು ಕೇಳಿದ್ಲು, ನಾ ಹೂಂ ಅಂದ್ನಿ. ಅಷ್ಟ," ಎಂದ.

ವಿರುಪಾಕ್ಷಪ್ಪ ತೆಂಗಿನಕಾಯಿಯನ್ನು ನಿಧಾನವಾಗಿ ನೆಲಕ್ಕಿಟ್ಟ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಸೀಮಾ ತಲೆ ಎತ್ತಲಿಲ್ಲ. ಎದ್ದು ಅಣ್ಣನನ್ನು ತಡೆಯುವ ಮುಖ ಅವಳಿಗೆ ಉಳಿದಿರಲಿಲ್ಲ.

ಏನೋ ನೆನಪಾದವನಂತೆ ಅವನು ತಿರುಗಿ, ಸೊಸೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಮಾಮಾ ನಾಳೆ ಬರಾಂವ ಇದ್ದನಲ್ಲ. ನೀ ಯಾಕ ಅವಸರ ಮಾಡಿದಿ?"

"ಮಾಮಾ ಬರೂದಿಲ್ಲ ಅಂತ ಮಮ್ಮಿ ರಾತ್ರಿ ಅಳಾಕತ್ತಿದ್ಲು. ಅದಕ್ಕ ನಾನ ಮಾಮಾ ಆದ್ನಿ."

"ಬರ್ತೀನಿ ಅಂತ ಹೇಳಿದ್ನಲ್ಲ?"

"ಹೇಳಿದ್ದಿ. ಹೋದ ಸಲಾನೂ ಹೇಳಿದ್ದಿ ಅಂತ."

ವಿರುಪಾಕ್ಷಪ್ಪ ಅವಳ ಕಾಡಿಗೆ ಮೀಸೆಯನ್ನು ನೋಡಿದ. "ಮತ್ತ ಅರ್ಧಾ ಯಾಕ ಬಿಟ್ಟಿ? ನನಗಂತ?"

"ಇಲ್ಲ. ಪಪ್ಪಾ ಕತ್ತರಿ ಕಸಗೊಂಡಾ."

ಯಾರೋ ಕಿಸಕ್ಕೆಂದರು. ಅದು ಭೀಮಾಬಾಯಿ ಎಂದು ಆಮೇಲೆ ಗೊತ್ತಾಯಿತು. ವಿರುಪಾಕ್ಷಪ್ಪ ನಗಲಿಲ್ಲ, ಆದರೆ ಅವನ ಮೀಸೆಯ ಒಂದು ತುದಿ ಅವನ ಮಾತು ಕೇಳದೆ ಅಲುಗಿತು. ಅಷ್ಟರಲ್ಲಿ ಓಣಿಗೆ ಜೀಪು ಬಂತು.

"ಕೂಸಿಗೇನೂ ಆಗಿಲ್ಲ ಅಂತ ಸಾಹೇಬರಿಗಿ ಹೇಳ್ತೀನಿ, ಬೈಸಿಕೋತೀನಿ," ಎಂದಳು ಸಪನಾ, ಬಸವಂತನನ್ನು ಸುಡುವಂತೆ ನೋಡಿ. "ಆದ್ರ ಬಂದ ಜೀಪ ಖಾಲಿ ಹೋಗಬಾರದು. ಇವನ ಸೂಜಿ ಇವತ್ತ ಆಗಬೇಕು. ಗಟ್ಯಾಗಿ ತೊಡಿ ಮ್ಯಾಲ ಹಿಡಕೊಳ್ಳಾವ್ರು ಯಾರ?"

ಬಸವಂತ ಅಭ್ಯಾಸಬಲದಿಂದ ಮುಂದೆ ಬಂದ. ಮಗನ ಕಡೆ ಕೈ ಚಾಚಿದ. ಹಾಗೆಯೇ ನಿಂತ. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಹಿತ್ತಲಿನಿಂದ ಮಣೆ ತಂದು ನಡುಮನೆಯಲ್ಲಿ ಹಾಕಿದ.

"ಅಣ್ಣಾರ, ನೀವ ಕುಂಡರ್ರಿ. ಅದು ನಿಮ್ಮ ಜಾಗಾ. ಎಷ್ಟೊತ್ತ ಆದ್ರೂ ಕಾಯ್ತೀವಿ."

ವಿರುಪಾಕ್ಷಪ್ಪ ಮಣೆ ನೋಡಿದ, ತಂಗಿಯನ್ನು ನೋಡಿದ. ಹೆಗಲ ಮೇಲಿನ ಟಾವೆಲ್ಲು ಸರಿಮಾಡಿಕೊಂಡು, ಮದುವೆಯ ಹಿರಿಯನಂತೆ ಗಂಭೀರವಾಗಿ ಕುಳಿತ. ಅರ್ಧ ಕೂದಲಿನ ಅಳಿಯನನ್ನು ಸೀಮಾ ತಂದು ಅವನ ತೊಡೆಯ ಮೇಲೆ ಇಟ್ಟಳು. ಭೀಮಾಬಾಯಿ ಯಾರೂ ಹೇಳದೆಯೇ ಆರತಿ ಹಿಡಿದಳು. ಸೂಜಿ ಇಳಿಯಿತು. ಅಮಿತನ ಚೀರಾಟಕ್ಕೆ ಕಣಜದೊಳಗಿನ ಹುಡುಗ ಇನ್ನೂ ಕೆಳಗೆ ಇಳಿದನಂತೆ. ಆ ಚೀರಾಟದ ನಡುವೆಯೇ ಕೂಸು ಸೋದರಮಾವನ ಇಸ್ತ್ರಿ ಮಾಡಿದ ಧೋತರದ ಮೇಲೆ, ಎರಡೂ ತೊಡೆ ತೋಯುವಂತೆ, ತನ್ನ ಪಾಲಿನ ಶಾಸ್ತ್ರ ಮುಗಿಸಿತು.

ಬಸವಂತ ಕಣ್ಣು ಮುಚ್ಚಿಕೊಂಡ. ವಿರುಪಾಕ್ಷಪ್ಪ ಅಲುಗದೆ ಕುಳಿತಿದ್ದ.

"ಉಳದ ಅರ್ಧಾ ನಾಳೆ ಮಾಡೋಣು. ಎಲ್ಲವ್ವ ತಕರಾರ ಮಾಡಾಕಿ ಅಲ್ಲ," ಎಂದ.

ಸೀಮಾ ಹೊಸ್ತಿಲಿನಿಂದ ಚೀಲ ತಂದು ಹೊಸ ಧೋತರ ಹೊರತೆಗೆದಳು. "ಅಣ್ಣಾ, ಇದನ್ನ ಉಟಗೋರಿ. ಅದನ್ನ ಬಿಡ್ರಿ, ಈಗ ಒಗದ ಕೊಡ್ತೀನಿ."

"ಇರಲಿ ಬಿಡವಾ," ಎಂದ ವಿರುಪಾಕ್ಷಪ್ಪ, ಅಳುವ ಕೂಸಿನ ಬೋಳು ಪಕ್ಕವನ್ನು ಸವರುತ್ತ. "ಪಂಚಮಿಗಿ ನಾ ಕರ್ಯಾಕ ಬರ್ತೀನಲ್ಲ, ಮನೀಗಿ ಬಂದಾಗ ಒಗದೀಯಂತ."

ಪಂಚಮಿ ಬರಲು ಇನ್ನೂ ತಿಂಗಳುಗಟ್ಟಲೆ ಇತ್ತು. ಒದ್ದೆ ಧೋತರ ಅಲ್ಲಿಯವರೆಗೆ ಹೇಗೆ ಇರುತ್ತದೆಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರೂ ಮಾಡಲಿಲ್ಲ.